ಸೆಕೆಂಡ್ ಹ್ಯಾಂಡ್ ಕ್ಯಾಂಪ್‌ಗ್ರೌಂಡ್ ಮೆಂಬರ್‌ಶಿಪ್: ಕಾಗದ ಮೊದಲು, ದುಡ್ಡು ಕೊನೆಗೆ

ಆರ್‌ವಿ ಅಂದರೆ ಒಳಗೇ ಮಲಗಿಕೊಂಡು ಪ್ರವಾಸ ಹೋಗುವ ಮನೆಯಂಥ ಗಾಡಿ. ಅದನ್ನು ನಿಲ್ಲಿಸಿ ರಾತ್ರಿ ಕಳೆಯುವ ಪಾರ್ಕ್‌ಗಳಿಗೆ ಕಂಪನಿಗಳು ಮೆಂಬರ್‌ಶಿಪ್ ಮಾರುತ್ತವೆ, ಜೊತೆಗೆ ವಾರ್ಷಿಕ ಶುಲ್ಕ ಇರುತ್ತದೆ. ಬೇಡವಾದವರು ತಮ್ಮದನ್ನು ಇನ್ನೊಬ್ಬರಿಗೆ ಮಾರುತ್ತಾರೆ. ಅಮೆರಿಕದಲ್ಲಿ ಆರ್‌ವಿ ಕೊಂಡ ನಮ್ಮವರಿಂದ ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. "ಎರಡೂವರೆ ಸಾವಿರ ಡಾಲರ್‌ಗೆ ಮೆಂಬರ್‌ಶಿಪ್ ಸಿಕ್ತು. ಹೊಸದಾದ್ರೆ ಅದರ ಮೂರು ಪಟ್ಟು ಆಗ್ತಿತ್ತಂತೆ. ದುಡ್ಡು ಕಳಿಸಿಬಿಟ್ವಿ. ಈಗ ಕಂಪನಿಯವರು, ಆ ಸೌಲಭ್ಯ ಎಲ್ಲಾ ನಿಮಗೆ ಬರಲ್ಲ ಅಂತಿದಾರೆ. ಏನ್ ಮಾಡೋದು?"

ದುಡ್ಡು ಹೋದ ಮೇಲೆ ಮಾಡುವುದು ಜಾಸ್ತಿ ಏನೂ ಉಳಿದಿರುವುದಿಲ್ಲ. ಎಲ್ಲರೂ ಎಡವುವುದು ಒಂದೇ ಕಲ್ಲಿಗೆ. ಮೊದಲು ಬೆಲೆ ಮಾತಾಡುತ್ತಾರೆ, ಆಮೇಲೆ ದುಡ್ಡು ಕೊಡುತ್ತಾರೆ, ಕೊನೆಗೆ ಕಾಗದ ಓದುತ್ತಾರೆ. ಇದನ್ನು ಪೂರ್ತಿ ಉಲ್ಟಾ ಮಾಡಬೇಕು.

ಬೆಂಗಳೂರಿನಲ್ಲಿ ಸೈಟ್ ಕೊಳ್ಳುವಾಗ ಇಸಿ ತೆಗೆಸದೆ, ಖಾತೆ ಯಾರ ಹೆಸರಿನಲ್ಲಿದೆ ಅಂತ ನೋಡದೆ ಯಾರಾದರೂ ಅಡ್ವಾನ್ಸ್ ಕೊಡುತ್ತಾರಾ? ಇಲ್ಲೂ ಹಾಗೇ. ಆದರೆ ಇಲ್ಲಿ ಸೈಟ್ ಅಂದರೆ 30×40 ಅಲ್ಲ, ಗಾಡಿ ನಿಲ್ಲಿಸುವ ಜಾಗ. ಅದೂ ನಿಮ್ಮದಾಗುವುದಿಲ್ಲ. ಯಾರೋ ಒಬ್ಬರು ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದವಿದೆ. ಅವರು ಪಕ್ಕಕ್ಕೆ ಸರಿದು, ಅವರ ಜಾಗದಲ್ಲಿ ನೀವು ನಿಲ್ಲುತ್ತೀರಿ. ಕಂಪನಿ ಒಪ್ಪಿದರೆ ಮಾತ್ರ. ನೀವು ಕೊಳ್ಳುತ್ತಿರುವುದು ಇಷ್ಟೇ.

ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು

ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್. ನಿಮ್ಮ ಆರ್‌ವಿಯ ಉದ್ದ, ತಯಾರಾದ ವರ್ಷ, ಅದಕ್ಕೆ ಬೇಕಾದ್ದು 30 ಆಂಪ್ ಕರೆಂಟೋ 50 ಆಂಪೋ ಎಂಬ ವಿವರ. ಮೂವರು ಒಟ್ಟಿಗೆ ಮಾತಾಡುವ ಕಾನ್ಫರೆನ್ಸ್ ಕಾಲ್ ಸೌಲಭ್ಯ ಇರುವ ಫೋನ್. ಇದಕ್ಕೇ ಅಂತ ಒಂದು ಬೇರೆ ಇಮೇಲ್ ವಿಳಾಸ ಮಾಡಿಕೊಂಡರೆ ಒಳ್ಳೆಯದು, ಯಾಕೆಂದರೆ ಒಮ್ಮೆ ವಿಚಾರಿಸಿದರೆ ಸೇಲ್ಸ್ ಮೇಲ್‌ಗಳು ವರ್ಷಗಟ್ಟಲೆ ಬರುತ್ತವೆ. ಕೊನೆಯ ಹಂತಕ್ಕೆ ಹತ್ತಿರದ ನೋಟರಿ ಎಲ್ಲಿದ್ದಾರೆ ಅಂತ ಗೊತ್ತಿರಲಿ.

ಚೆಕ್ ಬುಕ್ ಇನ್ನೂ ಡ್ರಾಯರ್‌ನಲ್ಲೇ ಇರಲಿ.

ಹಂತ 1: ನಿಮ್ಮ ರಾತ್ರಿಗಳನ್ನು ಎಣಿಸಿ

ಕಳೆದ ವರ್ಷ ಎಷ್ಟು ರಾತ್ರಿ ಆರ್‌ವಿಯಲ್ಲಿ ಮಲಗಿದಿರಿ? ಮುಂದಿನ ವರ್ಷ ಎಷ್ಟು ಅಂದುಕೊಂಡಿದ್ದೀರಿ ಅಂತ ಅಲ್ಲ, ನಿಜವಾಗಿ ಎಷ್ಟು ಮಲಗಿದಿರಿ ಅಂತ. ಗಾಡಿ ಕೊಂಡ ಹೊಸದರಲ್ಲಿ ಎಲ್ಲರೂ 60 ರಾತ್ರಿ ಅನ್ನುತ್ತಾರೆ. ಮಕ್ಕಳ ಸ್ಕೂಲು, ರಜೆ, ಊರಿಗೆ ಹೋಗುವ ಆರು ವಾರ ಎಲ್ಲಾ ಕಳೆದರೆ 15 ಉಳಿಯುತ್ತದೆ.

ಆಮೇಲೆ ಒಂದು ಮ್ಯಾಪ್ ತೆಗೆದು, ಮೆಂಬರ್‌ಶಿಪ್‌ನಲ್ಲಿ ಬರುವ ಪಾರ್ಕ್‌ಗಳನ್ನು ಗುರುತು ಮಾಡಿ. ಮನೆಯಿಂದ ಮೂರು ಗಂಟೆ ಡ್ರೈವ್ ಒಳಗೆ ಎಷ್ಟಿವೆ ನೋಡಿ. ಉದಾಹರಣೆಗೆ ಥೌಸಂಡ್ ಟ್ರೇಲ್ಸ್ ಎಂಬ ಕಂಪನಿಯ ಜಾಲದಲ್ಲಿ 80ಕ್ಕೂ ಹೆಚ್ಚು ಪಾರ್ಕ್‌ಗಳಿವೆ, ಆದರೆ ದೇಶದ ತುಂಬ ಸಮನಾಗಿ ಹಂಚಿಲ್ಲ. ಪಶ್ಚಿಮ ಕರಾವಳಿ, ಟೆಕ್ಸಾಸ್‌ನಂಥ ಕಡೆ ದಟ್ಟವಾಗಿವೆ. ಬೇ ಏರಿಯಾದವರಿಗೆ ಮಾರ್ಗನ್ ಹಿಲ್ ಪಕ್ಕದಲ್ಲೇ, ಯೊಸೆಮಿಟಿ ಕಡೆ ಹೋಗಲು ಗ್ರೋವ್‌ಲ್ಯಾಂಡ್ ಹತ್ತಿರ ಒಂದು. ಹ್ಯೂಸ್ಟನ್‌ನವರಿಗೆ ಲೇಕ್ ಕಾನ್ರೋ. ಡೆನ್ವರ್‌ನಲ್ಲಿ ಇರುವವರು ಮ್ಯಾಪ್ ನೋಡಿ ಇಲ್ಲೇ ಈ ವಿಚಾರ ಕೈಬಿಡಬಹುದು. ಅದೂ ಒಂದು ಒಳ್ಳೆಯ ಫಲಿತಾಂಶವೇ.

ಹಂತ 2: ಮಾರಾಟಕ್ಕಿರುವುದು ಯಾವ ಬಗೆ ಅಂತ ತಿಳಿಯಿರಿ

ಸ್ಥೂಲವಾಗಿ ಮೂರು ಬಗೆ ಇವೆ. ಒಂದೇ ಕಂಪನಿಯ ಹಲವು ಪಾರ್ಕ್‌ಗಳಿಗೆ ಹೋಗಬಹುದಾದದ್ದು ಒಂದು. ಒಂದು ಹೋಮ್ ಪಾರ್ಕ್, ಅಂದರೆ ನೀವು ಸದಸ್ಯರಾಗಿರುವ ಮೂಲ ಪಾರ್ಕ್ ಇದ್ದು, ಅದರ ಮೂಲಕ ಬೇರೆಬೇರೆ ಪಾರ್ಕ್‌ಗಳು ಸೇರಿರುವ ಕೋಸ್ಟ್ ಟು ಕೋಸ್ಟ್‌ನಂಥ ಜಾಲ ಸೇರುವುದು ಇನ್ನೊಂದು. ಒಂದೇ ಪಾರ್ಕ್‌ಗೆ ಸೀಮಿತವಾದದ್ದು ಮೂರನೆಯದು.

ಎರಡನೆಯ ಬಗೆಯಲ್ಲಿ ಎರಡು ವಾರ್ಷಿಕ ಶುಲ್ಕ ಇರುತ್ತದೆ: ಹೋಮ್ ಪಾರ್ಕ್‌ನದ್ದು ಬೇರೆ, ಜಾಲದ್ದು ಬೇರೆ. ಮಾರುವವರು ಒಂದನ್ನೇ ಹೇಳುವುದುಂಟು. ಇಂಥ ಜಾಲಗಳಲ್ಲಿ ದೂರದ ನಿಯಮವೂ ಇರುತ್ತದೆ. ಹೋಮ್ ಪಾರ್ಕ್‌ನಿಂದ ಸಾಮಾನ್ಯವಾಗಿ 125 ಮೈಲಿ ಒಳಗಿನ ಬೇರೆ ಪಾರ್ಕ್‌ಗಳನ್ನು ಜಾಲದ ಲೆಕ್ಕದಲ್ಲಿ ಬಳಸಲು ಬಿಡುವುದಿಲ್ಲ. ವಾರಾಂತ್ಯಕ್ಕೆ ಹತ್ತಿರದ ಜಾಗ ಸಿಗಲಿ ಅಂತ ಕೊಳ್ಳುವವರಿಗೆ ಇದು ದೊಡ್ಡ ಪೆಟ್ಟು.

ಕೆಲವು ಪಾರ್ಕ್‌ಗಳಲ್ಲಿ ಸದಸ್ಯರಿಗೆ ಜಮೀನಿನ ಒಂದು ಪಾಲಿನ ಡೀಡ್ (ಹಕ್ಕುಪತ್ರ) ಕೂಡ ಇರುತ್ತದೆ. ಹಾಗಿದ್ದರೆ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯಂಥ ಕೌಂಟಿ ರೆಕಾರ್ಡರ್ ಆಫೀಸಿನ ದಾಖಲೆ, ಆಸ್ತಿ ತೆರಿಗೆ ಎಲ್ಲಾ ನೋಡಬೇಕು. ಅದಕ್ಕೆ ವಕೀಲರನ್ನೇ ಕೇಳಿ.

ಇನ್ನೊಂದು ಗೊಂದಲ. ಥೌಸಂಡ್ ಟ್ರೇಲ್ಸ್‌ನಲ್ಲಿ ಕ್ಯಾಂಪಿಂಗ್ ಪಾಸ್ ಅಂತ ವರ್ಷದ ಪಾಸ್ ಸಿಗುತ್ತದೆ. ದೇಶವನ್ನು ಐದು ವಲಯ ಮಾಡಿದ್ದಾರೆ, ಬೇಕಾದ ವಲಯಕ್ಕೆ ತೆಗೆದುಕೊಳ್ಳಬಹುದು. ಒಂದು ಸಲಕ್ಕೆ 14 ರಾತ್ರಿವರೆಗೆ ಇರಬಹುದು. ನಾಲ್ಕು ರಾತ್ರಿಗಿಂತ ಜಾಸ್ತಿ ಇದ್ದರೆ, ಮುಂದಿನ ಪಾರ್ಕ್‌ಗೆ ಹೋಗುವ ಮುಂಚೆ 7 ರಾತ್ರಿ ಜಾಲದ ಹೊರಗೆ ಕಳೆಯಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಜನ ಹುಡುಕುವುದು ಇದಲ್ಲ, ಇದಕ್ಕಿಂತ ಮೇಲಿನ ದರ್ಜೆಯ ಮೆಂಬರ್‌ಶಿಪ್‌ಗಳನ್ನು. ಅವುಗಳಲ್ಲಿ ಒಂದು ಪಾರ್ಕ್‌ನಿಂದ ನೇರ ಇನ್ನೊಂದಕ್ಕೆ ಹೋಗಬಹುದು, ಬುಕಿಂಗ್ ಬಹಳ ಮುಂಚೆ ಮಾಡಬಹುದು. ವರ್ಷಕ್ಕೆ ನಾಲ್ಕಾರು ಸಲ ಶುಕ್ರವಾರ ಹೋಗಿ ಭಾನುವಾರ ಬರುವವರಿಗೆ ಆ 7 ರಾತ್ರಿಯ ನಿಯಮ ತಾಗುವುದೇ ಇಲ್ಲ. ಅಂಥವರು ಮೊದಲು ಒಂದು ವರ್ಷ ಪಾಸ್ ಬಳಸಿ ನೋಡಲಿ. ನನ್ನ ಕೇಳಿದರೆ, ಎಲ್ಲರೂ ಅದನ್ನೇ ಮಾಡಬೇಕು.

ಹಂತ 3: ಮೂಲ ಒಪ್ಪಂದ ಕೇಳಿ, ಬ್ರೋಷರ್ ಅಲ್ಲ

ಮಾರುವವರ ಹತ್ತಿರ ಕೇಳಬೇಕಾದ್ದು: ಸಹಿ ಆಗಿರುವ ಮೂಲ ಒಪ್ಪಂದದ ಪ್ರತಿ ಪುಟ, ಆಮೇಲೆ ಸೇರಿಸಿಕೊಂಡ ಅಪ್‌ಗ್ರೇಡ್‌ಗಳ ಕಾಗದ, ಕಳೆದ ಎರಡು ವರ್ಷದ ವಾರ್ಷಿಕ ಶುಲ್ಕದ ಬಿಲ್. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೂ ಸಾಕು. "ಕಳೆದುಹೋಗಿದೆ" ಅಂದರೆ ಕಂಪನಿಯಿಂದ ಪ್ರತಿ ತರಿಸಿಕೊಡಿ ಅನ್ನಿ. ಅದೂ ಆಗುವುದಿಲ್ಲ ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ.

ಕಾಗದ ಬಂದ ಮೇಲೆ ಒಂದು ಪೆನ್ಸಿಲ್ ಹಿಡಿದು ಕೂತು ಇವನ್ನು ಹುಡುಕಿ.

ಯಾರ್ಯಾರ ಹೆಸರಿದೆ? ಗಂಡ ಹೆಂಡತಿ ಇಬ್ಬರದೂ ಇದ್ದರೆ ಇಬ್ಬರ ಸಹಿಯೂ ಬೇಕು. ನಾವು ಮೊದಲ ಸಲ ಕೊಳ್ಳಲು ಹೋದಾಗ ಕೈ ಸುಟ್ಟುಕೊಂಡಿದ್ದು ಇಲ್ಲೇ. ಮಾರಲು ಬಂದವರು ಬಹಳ ಒಳ್ಳೆಯ ಮನುಷ್ಯ, ಕಾಫಿ ಕೊಟ್ಟು ಮಾತಾಡಿಸಿದರು. ಆದರೆ ಅವರಿಗೆ ಡೈವೋರ್ಸ್ ಆಗಿತ್ತು, ಒಪ್ಪಂದದಲ್ಲಿ ಇಬ್ಬರ ಹೆಸರೂ ಇತ್ತು, ಮಾಜಿ ಹೆಂಡತಿ ಇನ್ನೊಂದು ರಾಜ್ಯದಲ್ಲಿ. ನಾನು 300 ಡಾಲರ್ ಅಡ್ವಾನ್ಸ್ ಕೊಟ್ಟು ನಾಲ್ಕು ತಿಂಗಳು ಕಾದೆ. ಆ ಸಹಿ ಬರಲೇ ಇಲ್ಲ. ಅಡ್ವಾನ್ಸೂ ಬರಲಿಲ್ಲ. ಮಾಲೀಕರು ತೀರಿಹೋಗಿ ಮಕ್ಕಳು ಮಾರುತ್ತಿದ್ದರೂ ಅಷ್ಟೇ: ಮಾರುವ ಅಧಿಕಾರ ಅವರಿಗಿದೆ ಅನ್ನುವ ಕೋರ್ಟ್ ಅಥವಾ ಟ್ರಸ್ಟ್ ಕಾಗದ ಬೇಕು.

ಟ್ರಾನ್ಸ್‌ಫರ್ ಬಗ್ಗೆ ಏನು ಬರೆದಿದೆ? ಕೆಲವು ಒಪ್ಪಂದಗಳನ್ನು ಮಾರಲು ಬರುವುದೇ ಇಲ್ಲ. ಕೆಲವನ್ನು ಮಾರಬಹುದು, ಆದರೆ ಕೊಂಡವರು ಮುಂದೆ ಮಾರುವಂತಿಲ್ಲ. ಇನ್ನು ಕೆಲವು ಟ್ರಾನ್ಸ್‌ಫರ್ ಆದ ಕ್ಷಣ ಕೆಳಗಿನ ದರ್ಜೆಗೆ ಇಳಿಯುತ್ತವೆ. ಶುರುವಿನಲ್ಲಿ ಹೇಳಿದೆನಲ್ಲ, ಹಾಗೆ ಫೋನ್ ಮಾಡುವವರಿಗೆ ಆದದ್ದು ಇದೇ. ಮಾರಿದವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಆ ಸೌಲಭ್ಯ ನಿಜವಾಗಿಯೂ ಇತ್ತು. ಕೊಂಡವರಿಗೆ ಬರಲಿಲ್ಲ, ಅಷ್ಟೇ.

ವಾರ್ಷಿಕ ಶುಲ್ಕ ಹೇಗೆ ಏರುತ್ತದೆ? ಮಾರುವವರಿಗೆ ವಯಸ್ಸಿನ ಕಾರಣಕ್ಕೋ ಹಳೆಯ ಒಪ್ಪಂದದ ಕಾರಣಕ್ಕೋ ಶುಲ್ಕ ಏರದೆ ನಿಂತಿರಬಹುದು. ಅವರು ಹೆಮ್ಮೆಯಿಂದ ಬಿಲ್ ತೋರಿಸುತ್ತಾರೆ. ಆ ದರ ನಿಮಗೂ ಬರುತ್ತದಾ, ಅಥವಾ ನಿಮ್ಮ ಹೆಸರಿಗೆ ಬಂದ ಕೂಡಲೇ ಇವತ್ತಿನ ದರ ಶುರುವಾಗುತ್ತದಾ? ಇದೊಂದು ಸಾಲಿನಿಂದ ಇಡೀ ಲೆಕ್ಕ ತಲೆಕೆಳಗಾಗಬಹುದು.

ಸಾಲ ಬಾಕಿ ಇದೆಯಾ? ಹೊಸದಾಗಿ ಕೊಳ್ಳುವವರಲ್ಲಿ ಎಷ್ಟೋ ಜನ ಕಂತಿನ ಮೇಲೆ ಕೊಳ್ಳುತ್ತಾರೆ. ಕಂತು ತೀರದೆ ಹೆಸರು ಬದಲಾಗುವುದು ಕಷ್ಟ.

ಕುಟುಂಬ ಅಂದರೆ ಯಾರು? ನಮ್ಮವರಿಗೆ ಇದು ಮುಖ್ಯ. ಊರಿಂದ ಅಪ್ಪ ಅಮ್ಮ ಬಂದು ಐದಾರು ತಿಂಗಳು ಇರುತ್ತಾರೆ, ಮದುವೆಯಾದ ಮಗಳು ಅಳಿಯ ಬರುತ್ತಾರೆ. ಇವರೆಲ್ಲ ಲೆಕ್ಕಕ್ಕೆ ಬರುತ್ತಾರಾ, ಇಲ್ಲ ತಲೆಗಿಷ್ಟು ಅಂತ ಗೆಸ್ಟ್ ಚಾರ್ಜ್ ಇದೆಯಾ, ನೀವಿಲ್ಲದಾಗ ಮಗ ಒಬ್ಬನೇ ಗಾಡಿ ತೆಗೆದುಕೊಂಡು ಹೋಗಬಹುದಾ ನೋಡಿ. ಗಾಡಿಯದೂ ಅಷ್ಟೇ: ಹತ್ತು ವರ್ಷಕ್ಕಿಂತ ಹಳೆಯ ಆರ್‌ವಿ ಬೇಡ ಅನ್ನುವ ಪಾರ್ಕ್‌ಗಳಿವೆ, ಬಾಡಿಗೆ ಆರ್‌ವಿಗೆ ಬೇರೆ ನಿಯಮ ಇರಬಹುದು.

ಹಂತ 4: ಕಂಪನಿಗೆ ಫೋನ್ ಮಾಡಿ, ಮಾರುವವರನ್ನು ಜೊತೆಗಿಟ್ಟುಕೊಂಡು

ಎಲ್ಲರೂ ಬಿಡುವ ಹಂತ ಇದು. ನೀವೊಬ್ಬರೇ ಫೋನ್ ಮಾಡಿದರೆ ಬೇರೆಯವರ ಖಾತೆಯ ವಿವರ ಕಂಪನಿ ಕೊಡುವುದಿಲ್ಲ. ಮಾರುವವರು ಒಬ್ಬರೇ ಮಾಡಿದರೆ ಅವರು ಕೇಳಿಸಿಕೊಂಡದ್ದನ್ನು ನಿಮಗೆ ಹೇಳುತ್ತಾರೆ, ಅರ್ಧ ಮರೆತಿರುತ್ತಾರೆ. ಮೂವರೂ ಒಂದೇ ಕರೆಯಲ್ಲಿ ಇರಬೇಕು. ನಂಬರ್ ಕಂಪನಿಯ ವೆಬ್‌ಸೈಟಿನಿಂದ ನೀವೇ ತೆಗೆದುಕೊಂಡು ನೀವೇ ಡಯಲ್ ಮಾಡಿ. ಮಾರುವವರು ಕೊಟ್ಟ ನಂಬರ್ ಬೇಡ.

ಸೇಲ್ಸ್ ವಿಭಾಗಕ್ಕೆ ಹೋಗಬೇಡಿ. ಅವರಿಗೆ ಹೊಸದು ಮಾರುವುದೇ ಕೆಲಸ. ಮೆಂಬರ್ ಸರ್ವಿಸಸ್‌ನಲ್ಲಿ ಟ್ರಾನ್ಸ್‌ಫರ್ ನೋಡಿಕೊಳ್ಳುವವರನ್ನು ಕೇಳಿ. ಮಾರುವವರು ತಮ್ಮ ಖಾತೆಯ ಬಗ್ಗೆ ಮಾತಾಡಲು ಒಪ್ಪಿಗೆ ಕೊಟ್ಟ ಮೇಲೆ ನೀವು ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿರಿ:

ಈ ಖಾತೆಯಲ್ಲಿ ಇವತ್ತಿಗೆ ಬಾಕಿ ಎಷ್ಟು? ಇದನ್ನು ನನ್ನ ಹೆಸರಿಗೆ ಮಾಡಿದರೆ ಯಾವ ದರ್ಜೆಯಲ್ಲಿ ಬರುತ್ತದೆ? ಎಷ್ಟು ದಿನ ಮುಂಚೆ ಬುಕ್ ಮಾಡಬಹುದು, ಒಂದು ಸಲಕ್ಕೆ ಎಷ್ಟು ರಾತ್ರಿ, ಪಾರ್ಕ್‌ನಿಂದ ಪಾರ್ಕ್‌ಗೆ ನೇರ ಹೋಗಬಹುದಾ? ಮೊದಲ ವರ್ಷ ನನ್ನ ವಾರ್ಷಿಕ ಶುಲ್ಕ ಎಷ್ಟು? ಹೆಚ್ಚುವರಿಯಾಗಿ ಸೇರಿಸಿರುವ ಪಾರ್ಕ್‌ಗಳು ಜೊತೆಗೆ ಬರುತ್ತವೆಯಾ? ಟ್ರಾನ್ಸ್‌ಫರ್ ಶುಲ್ಕ ಎಷ್ಟು, ಯಾರು ಕಟ್ಟಬೇಕು? ನಾನು ಮುಂದೆ ಮಾರಬಹುದಾ? ನಿಲ್ಲಿಸಬೇಕು ಅಂದರೆ ಹೇಗೆ?

ಕೊನೆಯಲ್ಲಿ ಒಂದು ಮಾತು ತಪ್ಪದೆ ಹೇಳಿ: "ಇದನ್ನೆಲ್ಲ ಇಮೇಲ್‌ನಲ್ಲಿ ಕಳಿಸಿಕೊಡ್ತೀರಾ?" ಫೋನ್‌ನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಮಾತಾಡಿದವರ ಹೆಸರು, ದಿನ, ಸಮಯ ಬರೆದುಕೊಳ್ಳಿ. ಅವರು ಇಮೇಲ್ ಕಳಿಸದಿದ್ದರೆ, ನೀವು ಕೇಳಿಸಿಕೊಂಡದ್ದನ್ನು ನೀವೇ ಬರೆದು ಕಳಿಸಿ, ಸರಿ ಇದೆಯಾ ಅಂತ ಉತ್ತರ ತರಿಸಿಕೊಳ್ಳಿ. ಉತ್ತರ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಎರಡು ವಾರ ಆಗಬಹುದು. ಆಗಲಿ.

ಹಂತ 5: ಈಗ ಬೆಲೆಯ ಲೆಕ್ಕ

ಕೇಳುವ ಬೆಲೆ ಚಿಕ್ಕ ಮೊತ್ತ. ದೊಡ್ಡದು ಪ್ರತಿ ವರ್ಷದ ಶುಲ್ಕ. ಕೆಲವರು ಪುಕ್ಕಟೆ ಕೊಡುತ್ತೇನೆ ಅಂತ ಬರುವುದು ಯಾಕೆ ಗೊತ್ತಾ? ವರ್ಷವರ್ಷ ಬರುವ ಬಿಲ್ ತಪ್ಪಿದರೆ ಸಾಕಾಗಿರುತ್ತದೆ. ಕುದುರೆ ಪುಕ್ಕಟೆ ಸಿಗಬಹುದು, ಹುರುಳಿ ನೀವೇ ಹಾಕಬೇಕು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ತುಂಬಿಕೊಳ್ಳಿ. ಬೆಲೆ 2,000 ಡಾಲರ್, ಟ್ರಾನ್ಸ್‌ಫರ್ 1,000, ವಾರ್ಷಿಕ ಶುಲ್ಕ 700, ಅದು ವರ್ಷಕ್ಕೆ ಶೇ 5ರಷ್ಟು ಏರುತ್ತದೆ ಅಂದುಕೊಳ್ಳಿ. ಐದು ವರ್ಷದ ಶುಲ್ಕವೇ ಸುಮಾರು 3,868. ಒಟ್ಟು 6,868 ಡಾಲರ್. ವರ್ಷಕ್ಕೆ 40 ರಾತ್ರಿ ಬಳಸಿದರೆ ಒಂದು ರಾತ್ರಿಗೆ 34 ಡಾಲರ್ ಚಿಲ್ಲರೆ. 15 ರಾತ್ರಿ ಮಾತ್ರ ಬಳಸಿದರೆ ಸುಮಾರು 92 ಡಾಲರ್. ಅದರ ಮೇಲೆ 50 ಆಂಪ್‌ಗೆ, ಒಳಚರಂಡಿ ಇರುವ ಸೈಟ್‌ಗೆ ಕೆಲವು ಕಡೆ ದಿನಕ್ಕಿಷ್ಟು ಅಂತ ಬೇರೆ.

ಮುಂದೆ ಮಾರಿದರೆ ಬರುವ ದುಡ್ಡನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಸೊನ್ನೆ ಅಂತಲೇ ಇಟ್ಟುಕೊಳ್ಳಿ.

ಪಕ್ಕದಲ್ಲೇ ಬೇರೆ ದಾರಿಗಳನ್ನೂ ಬರೆಯಿರಿ. 62 ದಾಟಿದ ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಫೆಡರಲ್ ಸೀನಿಯರ್ ಪಾಸ್ ಇದೆ. ಜೀವನಪೂರ್ತಿಯದಕ್ಕೆ 80 ಡಾಲರ್, ಹಲವು ಫೆಡರಲ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ದರ. ಪಾಸ್‌ಪೋರ್ಟ್ ಅಮೆರಿಕ ಎಂಬ ರಿಯಾಯಿತಿ ಕ್ಲಬ್‌ನ ಸದಸ್ಯರಿಗೂ ಅದರ ಪಟ್ಟಿಯ ಪಾರ್ಕ್‌ಗಳಲ್ಲಿ ಅರ್ಧ ದರವೇ. ನೀರು ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುವವರು ಪಶ್ಚಿಮದ ಬಿಎಲ್‌ಎಂ (ಫೆಡರಲ್ ಸರ್ಕಾರದ ಭೂ ಇಲಾಖೆ) ಜಮೀನಿನಲ್ಲಿ ಸಾಮಾನ್ಯವಾಗಿ 28 ದಿನದ ಅವಧಿಯಲ್ಲಿ 14 ದಿನ ಪುಕ್ಕಟೆ ಇರಬಹುದು. ಈ ದಾರಿಗಳಿಗಿಂತ ನಿಮ್ಮ ಲೆಕ್ಕ ಅಗ್ಗವಾಗಿ ಬಂದರೆ ಮಾತ್ರ ಮುಂದೆ ಹೋಗಿ.

ಹಂತ 6: ಜಾಗ ಸಿಗುತ್ತದಾ ಅಂತ ಪರೀಕ್ಷೆ ಮಾಡಿ

ಮಾರುವವರಿಗೆ ಅವರ ಖಾತೆಯಲ್ಲಿ ಲಾಗಿನ್ ಆಗಿ ಸ್ಕ್ರೀನ್ ತೋರಿಸಲು ಹೇಳಿ. ಪಾಸ್‌ವರ್ಡ್ ಕೇಳಬೇಡಿ. ಜುಲೈ 4ರ ವಾರ, ಥ್ಯಾಂಕ್ಸ್‌ಗಿವಿಂಗ್, ನಿಮ್ಮ ಮಕ್ಕಳ ಸ್ಪ್ರಿಂಗ್ ಬ್ರೇಕ್, ಇವಕ್ಕೆ ನಿಮಗೆ ಬೇಕಾದ ಪಾರ್ಕ್‌ನಲ್ಲಿ ಸೈಟ್ ಇದೆಯಾ ನೋಡಿ. ಫೆಬ್ರವರಿಯ ಮಂಗಳವಾರ ಎಲ್ಲಾ ಕಡೆಯೂ ಸಿಗುತ್ತದೆ. ಚಳಿಗಾಲದ ಫ್ಲೋರಿಡಾ, ಬೇಸಿಗೆಯ ಒರೆಗಾನ್ ಕರಾವಳಿ ಅಂದರೆ ಪೈಪೋಟಿ.

ಆಮೇಲೆ ಹತ್ತಿರದ ಪಾರ್ಕ್‌ಗೆ ಒಂದು ಶನಿವಾರ ಹೋಗಿ ಕಣ್ಣಾರೆ ನೋಡಿ. ಬಾತ್‌ರೂಮಿಗೆ ಹೋಗಿ. ಕರೆಂಟ್ ಕಂಬ ನೋಡಿ. ಎಷ್ಟು ಗಾಡಿ ತಿಂಗಳುಗಟ್ಟಲೆ ಅಲ್ಲೇ ಬೇರೂರಿವೆ ಅಂತ ನೋಡಿ. ಅಲ್ಲಿ ಕೂತಿರುವ ಸದಸ್ಯರನ್ನು ಮಾತಾಡಿಸಿದರೆ, ಅವರು ಹೇಳುವಷ್ಟು ಸತ್ಯವನ್ನು ಯಾವ ಸೇಲ್ಸ್‌ಮನ್ನೂ ಹೇಳುವುದಿಲ್ಲ. ಗಿಫ್ಟ್ ಕಾರ್ಡ್ ಕೊಡುತ್ತೇವೆ, 90 ನಿಮಿಷ ಕೂತು ನಮ್ಮ ಸೇಲ್ಸ್ ಮಾತು ಕೇಳಿ ಅಂತ ಕರೆದರೆ ನಯವಾಗಿ ಜಾರಿಕೊಳ್ಳಿ.

ಹಂತ 7: ಬರಹದಲ್ಲಿ ಒಪ್ಪಂದ, ಎಸ್ಕ್ರೋದಲ್ಲಿ ದುಡ್ಡು

ಒಂದು ಪುಟದ ಒಪ್ಪಂದ ಸಾಕು. ಮೆಂಬರ್‌ಶಿಪ್ ನಂಬರ್, ದರ್ಜೆ, ಬೆಲೆ, ಟ್ರಾನ್ಸ್‌ಫರ್ ಶುಲ್ಕ ಯಾರದು, ಈ ವರ್ಷದ ಶುಲ್ಕ ಯಾರದು, ಕಂಪನಿ ಟ್ರಾನ್ಸ್‌ಫರ್ ಒಪ್ಪದಿದ್ದರೆ ಪೂರ್ತಿ ದುಡ್ಡು ವಾಪಸ್ ಅನ್ನುವ ಸಾಲು. ಕೊನೆಯ ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ದುಡ್ಡು ಮಧ್ಯದವರ ಹತ್ತಿರ ಇರಬೇಕು, ಹೆಸರು ಬದಲಾದ ಮೇಲೆ ಮಾರಿದವರಿಗೆ ಹೋಗಬೇಕು. ಎಸ್ಕ್ರೋ ಇರುವುದೇ ಇದಕ್ಕೆ. ಯಾವ ಎಸ್ಕ್ರೋ ಅಂತ ನೀವು ಆರಿಸಿ. ಮಾರುವವರು ಕಳಿಸಿದ ಲಿಂಕ್ ಒತ್ತಬೇಡಿ, ಯಾಕೆಂದರೆ ನಕಲಿ ಎಸ್ಕ್ರೋ ವೆಬ್‌ಸೈಟ್ ಮಾಡುವುದು ಹಳೆಯ ಮೋಸ. ಕ್ಯಾಲಿಫೋರ್ನಿಯಾದಲ್ಲಿ ಸ್ವತಂತ್ರ ಎಸ್ಕ್ರೋ ಕಂಪನಿಗಳಿಗೆ ಲೈಸೆನ್ಸ್ ಕೊಡುವುದು ಡಿಎಫ್‌ಪಿಐ ಎಂಬ ರಾಜ್ಯದ ಇಲಾಖೆ. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಬ್ರೋಕರ್ ಮೂಲಕ ಕೊಳ್ಳುವುದಾದರೆ ಅವರ ಕಮಿಷನ್ ಯಾರಿಂದ, ದುಡ್ಡು ಯಾವ ಖಾತೆಯಲ್ಲಿ ಇರುತ್ತದೆ ಅಂತ ಕೇಳಿ.

ಈ ಮಾತುಗಳು ಕಿವಿಗೆ ಬಿದ್ದರೆ ಅಲ್ಲೇ ನಿಂತುಬಿಡಿ:

"ಝೆಲ್ ಮಾಡಿ, ಇಲ್ಲಾಂದ್ರೆ ವೈರ್ ಮಾಡಿ." ಎರಡೂ ಬ್ಯಾಂಕ್ ಖಾತೆಯಿಂದ ನೇರ ದುಡ್ಡು ಕಳಿಸುವ ದಾರಿ. ಹೋದ ದುಡ್ಡು ವಾಪಸ್ ಬರುವುದು ಬಹಳ ಕಷ್ಟ.

"ಇನ್ನೊಬ್ಬರು ಸಾಯಂಕಾಲ ಬರ್ತಿದಾರೆ." ಬರಲಿ ಬಿಡಿ. ಮಾರಾಟಕ್ಕಿರುವ ಮೆಂಬರ್‌ಶಿಪ್‌ಗಳಿಗೆ ಬರ ಇಲ್ಲ.

"ಹೆಸರು ಬದಲಾಯಿಸೋದು ಬೇಡ, ನನ್ನ ಕಾರ್ಡೇ ಬಳಸ್ಕೊಳ್ಳಿ, ಶುಲ್ಕ ಕೊಟ್ರೆ ಸಾಕು." ಟ್ರಾನ್ಸ್‌ಫರ್ ಶುಲ್ಕ ಉಳಿಯುತ್ತದೆ ಅಂತ ಇದಕ್ಕೆ ಬಿದ್ದವರನ್ನು ನೋಡಿದ್ದೇನೆ. ರಾತ್ರಿ ಎಂಟು ಗಂಟೆಗೆ, ಮಳೆಯಲ್ಲಿ, ಹಿಂದೆ ಮಕ್ಕಳು ಮಲಗಿರುವಾಗ ಗೇಟ್‌ನಲ್ಲಿ ಐಡಿ ಕೇಳುತ್ತಾರೆ.

"ಇಷ್ಟ ಆಗದಿದ್ರೆ ಮೂರು ದಿನದಲ್ಲಿ ಕ್ಯಾನ್ಸಲ್ ಮಾಡ್ಬಹುದು." ಇದು ಅರ್ಧ ಸತ್ಯ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಕಂಪನಿಯಿಂದ ಹೊಸದಾಗಿ ಕೊಂಡಾಗ ಮೂರು ಕೆಲಸದ ದಿನಗಳ ಒಳಗೆ ರದ್ದು ಮಾಡುವ ಹಕ್ಕು ಕಾನೂನಿನಲ್ಲಿದೆ. ಮನೆಗೋ ಹೋಟೆಲಿಗೋ ಬಂದು ಮಾರುವ ವ್ಯಾಪಾರಿಗಳಿಗೆ ಫೆಡರಲ್ ನಿಯಮವೂ ಇದೆ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಮಾರಿದಾಗ ಇದನ್ನು ನಂಬಿಕೊಂಡು ಕೂರಬೇಡಿ.

ಹಂತ 8: ಊರಿಗೆ ವಾಪಸ್ ಹೋದರೆ?

ಸಹಿ ಹಾಕುವ ಹಿಂದಿನ ರಾತ್ರಿ ಮನೆಯಲ್ಲಿ ಕೂತು ಇದೊಂದನ್ನು ಮಾತಾಡಿ. ವೀಸಾದ ಮೇಲೆ ಇರುವವರು, ಇನ್ನೈದು ವರ್ಷಕ್ಕೆ ಮೈಸೂರಿಗೋ ಧಾರವಾಡಕ್ಕೋ ವಾಪಸ್ ಅಂದುಕೊಂಡವರು, ಅಪ್ಪ ಅಮ್ಮನ ಆರೋಗ್ಯ ನೋಡಿಕೊಂಡು ತೀರ್ಮಾನ ಮಾಡಬೇಕಾದವರು ನಮ್ಮಲ್ಲಿ ಜಾಸ್ತಿ. ನೀವು ಆರ್‌ವಿ ಮಾರಿ ವಿಮಾನ ಹತ್ತಿದರೂ ವಾರ್ಷಿಕ ಶುಲ್ಕದ ಬಿಲ್ ನಿಲ್ಲುವುದಿಲ್ಲ. ಕಟ್ಟದಿದ್ದರೆ ವಸೂಲಿ ಏಜೆನ್ಸಿಗೆ ಹೋಗಬಹುದು, ಕ್ರೆಡಿಟ್ ಸ್ಕೋರ್ ಹಾಳಾಗಬಹುದು. ನಿಲ್ಲಿಸುವ ದಾರಿ ಒಪ್ಪಂದದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ, ಇಂಥವರಿಗೆ ವರ್ಷದ ಪಾಸೇ ಸರಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ.

ಹಂತ 9: ಹೆಸರು ಬದಲಾದ ಮೇಲೆ

ಟ್ರಾನ್ಸ್‌ಫರ್ ಫಾರಂಗೆ ಸಾಮಾನ್ಯವಾಗಿ ಎಲ್ಲರ ಸಹಿ ಬೇಕು, ಕೆಲವು ಕಡೆ ನೋಟರಿ ಮುಂದೆ ಹಾಕಿದ್ದೇ ಆಗಬೇಕು. ಫಾರಂ ಕಳಿಸುವ ಮುಂಚೆ ಪ್ರತಿ ಪುಟದ ಸ್ಕ್ಯಾನ್ ಇಟ್ಟುಕೊಳ್ಳಿ. ಕಂಪನಿಯಿಂದ ನಿಮ್ಮ ಹೆಸರಿನ ಖಚಿತ ಪತ್ರ ಬಂದ ಮೇಲೆ, ಅದರಲ್ಲಿರುವ ದರ್ಜೆಯನ್ನು ಹಂತ 4ರ ಇಮೇಲ್ ಜೊತೆ ಸಾಲುಸಾಲಾಗಿ ಹೋಲಿಸಿ. ಹೊಂದಿದರೆ ಮಾತ್ರ ಎಸ್ಕ್ರೋಗೆ ದುಡ್ಡು ಬಿಡಲು ಹೇಳಿ.

ಆ ದಿನವೇ ನಿಮ್ಮ ಲಾಗಿನ್‌ನಿಂದ ಒಂದು ಬುಕಿಂಗ್ ಮಾಡಿ. ಮೊದಲ ಟ್ರಿಪ್ ದೂರದ್ದು ಬೇಡ. ಮನೆಯಿಂದ ಎರಡು ಗಂಟೆಯ ಪಾರ್ಕ್‌ನಲ್ಲಿ ಎರಡು ರಾತ್ರಿ ಸಾಕು. ಪತ್ರದ ಒಂದು ಪ್ರಿಂಟ್ ಗ್ಲೋವ್ ಬಾಕ್ಸ್‌ನಲ್ಲಿ ಇಡಿ. ಎಷ್ಟೋ ಪಾರ್ಕ್‌ಗಳ ಗೇಟ್ ಹತ್ತಿರ ಮೊಬೈಲ್ ಸಿಗ್ನಲ್ ಇರುವುದಿಲ್ಲ.